ಕಿಂವದಂತಿಯೂ ಇತಿಹಾಸವೂ

ಪ್ರಾಚೀನ ಅರಸರ ಮರಣವನ್ನು ಸುತ್ತಿಕೊಂಡ ದಂತಕತೆಗಳು ನಮಗೆ ಹೊಸವಲ್ಲ. ವೃತ್ತಪತ್ರಿಕೆಗಳ ಯುಗದಲ್ಲಿಯೂ ಅಂತಹ ಕತೆ ಹುಟ್ಟಿ ಬೆಳೆಯಬಲ್ಲುದೆಂಬುದಕ್ಕೆ ಅಮೆರಿಕದ ಹಾಲಿವುಡ್ಡಿನ ಒಂದು ಘಟನೆ ಸಾಕ್ಷಿಯಾಗಿದೆ.

1924ನೆಯ ನವೆಂಬರಿನಲ್ಲಿ ಚಿತ್ರನಿರ್ಮಾಪಕ ಥಾಮಸ್ ಇನ್ಸ್, ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟನ ‘ಒನೈಡಾ’ ಎಂಬ ವಿಹಾರನೌಕೆಗೆ ಅತಿಥಿಯಾಗಿ ಹೋದನು. ಅಲ್ಲಿ ಅಸ್ವಸ್ಥನಾದ ಅವನನ್ನು ಸ್ಯಾನ್ ಡಿಯಾಗೋದಲ್ಲಿ ದಡಕ್ಕಿಳಿಸಿದರು. 19ರಂದು ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ 44 ವರ್ಷ. ಮರಣಕಾರಣ ಹೃದಯವಿಕಾರವೆಂದು ದಾಖಲಾಯಿತು. ದೇಹಕ್ಕೆ ದಹನಸಂಸ್ಕಾರವಾಯಿತು. ಸರಕಾರಿ ವಿಚಾರಣೆಯೂ ಅಲ್ಪದರಲ್ಲಿಯೇ ಮುಗಿಯಿತು. ಅದು ಪಾನನಿಷೇಧದ ಕಾಲ. ನೌಕೆಯಲ್ಲಿದ್ದ ಅತಿಥಿಗಳು ಬಾಯಿ ಬಿಡಲು ಹಿಂಜರಿದರು. ಆ ಮೌನವೇ ಕಿಂವದಂತಿಗೆ ಗೊಬ್ಬರವಾಯಿತು: ನಟಿ ಮೇರಿಯನ್ ಡೇವೀಸಳ ವಿಷಯದಲ್ಲಿ ಚಾಪ್ಲಿನ್ನನ ಮೇಲೆ ಅಸೂಯೆಗೊಂಡ ಹರ್ಸ್ಟನು, ಇನ್ಸನನ್ನೇ ಚಾಪ್ಲಿನ್ನನೆಂದು ಭ್ರಮಿಸಿ ಗುಂಡು ಹಾರಿಸಿದನಂತೆ!

ಈ ‘ಅಂತೆ’ಯೇ 2001ರಲ್ಲಿ ‘ದಿ ಕ್ಯಾಟ್ಸ್ ಮಿಯಾವ್’ ಎಂಬ ಚಲಚ್ಚಿತ್ರವಾಯಿತು. ನಿರ್ದೇಶಕ ಪೀಟರ್ ಬೊಗ್ಡಾನೊವಿಚ್. ಮೂಲ ಸ್ಟೀವನ್ ಪೆರೋಸನ ನಾಟಕ. ನಿರ್ದೇಶಕನು ಈ ಕತೆಯನ್ನು ಹಿಂದೆಯೇ ಆರ್ಸನ್ ವೆಲ್ಸನ ಬಾಯಿಂದ ಕೇಳಿದ್ದನು. ಸಲ್ಲಬೇಕಾದಷ್ಟು ಮನ್ನಣೆ ಈ ಚಿತ್ರಕ್ಕೆ ಸಲ್ಲಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಕತೆ ಹೇಳುವ ಲೇಖಕಿ ಎಲಿನರ್ ಗ್ಲಿನ್‌ಳ ಪಾತ್ರವು ಇದನ್ನು ಸತ್ಯವೆಂದು ಸಾಧಿಸಹೊರಡದೆ, ಜನರು ಪಿಸುಗುಟ್ಟುವ ಮಾತೆಂದೇ ಒಪ್ಪಿಕೊಳ್ಳುತ್ತದೆ. ಇತಿಹಾಸದ ವೇಷ ತೊಟ್ಟ ಚಿತ್ರಗಳಲ್ಲಿ ಇಂತಹ ಪ್ರಾಮಾಣಿಕತೆ ವಿರಳ.

ಹಾಗಾದರೆ ಸತ್ಯವೇನು? ಗುಂಡೇಟಿಗೆ ದೃಢವಾದ ಆಧಾರವಿಲ್ಲ. ಆದರೆ ಪ್ರಸಿದ್ಧರ ನೆನಪನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ತಾನು ಆ ಯಾನದಲ್ಲಿರಲಿಲ್ಲವೆಂದು ಚಾಪ್ಲಿನ್ 1964ರ ಆತ್ಮಕಥೆಯಲ್ಲಿ ಬರೆದನು. ಜೊತೆಗೆ, ಇನ್ಸನು ವಾರಗಳ ನಂತರ ಸತ್ತನೆಂದೂ ಬರೆದನು. ದಾಖಲೆಯ ಪ್ರಕಾರ ಅವನು ಬದುಕಿದ್ದುದು ಕೆಲವೇ ದಿನ. ಬಾಯಿಮಾತನ್ನು ತಿಥಿವಾರಗಳೊಡನೆ ಹೋಲಿಸಿ ನೋಡುವುದೇ ಇತಿಹಾಸದ ಮೊದಲ ಪಾಠವೆಂಬುದನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಇಲ್ಲಿ ಕಾಣಬಹುದು.

ಕಿಂವದಂತಿಯಿಂದ ನಿಜವಾಗಿ ನಷ್ಟವಾದುದು ಇನ್ಸನ ಕೀರ್ತಿಗೆ. ದೃಶ್ಯದೃಶ್ಯವನ್ನೂ ಮೊದಲೇ ಬರೆದಿಟ್ಟು, ಖರ್ಚನ್ನು ಲೆಕ್ಕಹಾಕಿ, ಕೆಲಸವನ್ನು ಹಂಚಿ ಚಿತ್ರ ತಯಾರಿಸುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಅವನು ಅಗ್ರಗಣ್ಯ. 1916ರಲ್ಲಿ, ಮಹಾಯುದ್ಧದ ನಡುವೆ, ಯುದ್ಧವನ್ನು ಖಂಡಿಸುವ ‘ಸಿವಿಲೈಸೇಷನ್’ ಚಿತ್ರವನ್ನು ಹೊರತಂದವನೂ ಅವನೇ. ಹೇಗೆ ಸತ್ತನೆಂದು ಕೇಳುವವರು ನೂರಾರು. ಹೇಗೆ ದುಡಿದನೆಂದು ಕೇಳುವವರು ವಿರಳ. ಕಲ್ವರ್ ಸಿಟಿಯಲ್ಲಿ ಅವನು ಕಟ್ಟಿಸಿದ ಚಿತ್ರಶಾಲೆಯ ಬಿಳಿಯ ಸೌಧ ಇಂದಿಗೂ ನಿಂತಿದೆ.