ಕೇಪಳ

ಕಾಫಿಯ ಕುಟುಂಬಕ್ಕೆ ಸೇರಿದ ನಿತ್ಯಹಸುರಿನ ಹೂಪೊದೆ. ಇಕ್ಸೋರ ಕಾಕ್ಸಿನಿಯ ಎಂಬ ಶಾಸ್ತ್ರೀಯ ಹೆಸರನ್ನು 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ. ಕರಾವಳಿ, ಮಲೆನಾಡಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವುದರಿಂದ ಗುಡ್ಡೆದಾಸವಾಳ ಎಂಬ ಹೆಸರೂ ಉಂಟು. ಗೊಂಚಲಿನ ಪ್ರತಿ ಹೂವಿಗೂ ಸೂಜಿಯಂಥ ಉದ್ದ ನಳಿಕೆ, ತುದಿಯಲ್ಲಿ ನಾಲ್ಕು ಎಸಳು. ಒಳಗಿನ ಎಳೆಯನ್ನು ಮೆಲ್ಲನೆ ಎಳೆದರೆ ಮಕರಂದದ ಹನಿ ಹೊಳೆಯುತ್ತದೆ. ಕಾಡುಗಿಡದ ಹೂ ಕೆಂಪು. ತೋಟದ ತಳಿಗಳಲ್ಲಿ ಹಳದಿ, ಗುಲಾಬಿ, ಬಿಳಿಯೂ ಇವೆ.

ಚಿಕ್ಕ ಕೈತೋಟಕ್ಕೆ ಇದಕ್ಕಿಂತ ಚೆನ್ನಾಗಿ ಒಗ್ಗುವ ಪೊದೆ ಅಪರೂಪ. ಮಳೆಗಾಲದಲ್ಲಿ ಅರೆಬಲಿತ ಕಡ್ಡಿ ನೆಟ್ಟರೆ ಬೇರೊಡೆಯುತ್ತದೆ, ಕುಂಡದಲ್ಲೂ ಬೆಳೆಯುತ್ತದೆ. ಬಿಸಿಲು, ನೀರು ಬಸಿಯುವ ಹುಳಿಮಣ್ಣು ಬೇಕು. ಕ್ಷಾರದ ಮಣ್ಣಿನಲ್ಲಿ ಕಬ್ಬಿಣಾಂಶ ದಕ್ಕದೆ ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಹೂ ಚಿಗುರಿನ ತುದಿಯಲ್ಲೇ ಬಿಡುವುದರಿಂದ, ಗೊಂಚಲು ಬಾಡಿದೊಡನೆ ಸವರಬೇಕು.