ಲ್ಯಾಪ್‌ಟಾಪ್ ಕಾದ ಕಾವಲಿಯಾಗುತ್ತಿದೆಯೇ? 100ರ ಜಾಗದಲ್ಲಿ 99 ಹಾಕಿ ನೋಡಿ

ವಿಡಿಯೊ ಮೀಟಿಂಗ್ ಶುರುವಾದ ಹತ್ತು ನಿಮಿಷಕ್ಕೇ ಲ್ಯಾಪ್‌ಟಾಪ್ ಫ್ಯಾನ್ ಗುಂಯ್‌ಗುಡುತ್ತದೆ, ತೊಡೆಯ ಮೇಲೆ ಇಟ್ಟುಕೊಳ್ಳಲಾಗದಷ್ಟು ಬಿಸಿ. ಚೆನ್ನೈ, ಹೈದರಾಬಾದ್‌ಗಳ ಬೇಸಿಗೆಯಲ್ಲಂತೂ ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿಯಾಗಿರುತ್ತದೆ. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಸುರಿಯುವ ಮೊದಲು ವಿಂಡೋಸ್‌ನೊಳಗಿನ ಒಂದು ಸಂಖ್ಯೆಯನ್ನು ಬದಲಿಸಿ ನೋಡಬಹುದು.

ಪ್ರೊಸೆಸರ್‌ಗೆ ಒಂದು ಮೂಲ ವೇಗವಿರುತ್ತದೆ. ಕೆಲಸದ ಹೊರೆ ಹೆಚ್ಚಾದಾಗ ಅದನ್ನು ಮೀರಿ ಏರುವುದೇ ಟರ್ಬೊ ವೇಗ. ವೇಗ ಏರಬೇಕಾದರೆ ವೋಲ್ಟೇಜ್ ಕೂಡ ಏರಬೇಕು. ತೊಂದರೆ ಇರುವುದು ಇಲ್ಲೇ. ಚಿಪ್ ದುಡಿಯುವಾಗ ಬಳಸುವ ವಿದ್ಯುತ್ ವೇಗದ ಜೊತೆಗೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ವೇಗವನ್ನು 4 ಗಿಗಾಹರ್ಟ್ಸ್‌ನಿಂದ 3ಕ್ಕೆ ಇಳಿಸಿದಾಗ ವೋಲ್ಟೇಜ್ ಶೇ 20ರಷ್ಟು ತಗ್ಗಿತು ಎಂದುಕೊಳ್ಳಿ. ಕಳೆದುಕೊಂಡದ್ದು ಕಾಲು ಭಾಗ ವೇಗ, ಉಳಿದದ್ದು ಸುಮಾರು ಅರ್ಧದಷ್ಟು ವಿದ್ಯುತ್. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಬಿಸಿಯೂ ಅಷ್ಟೇ ಕಡಿಮೆ.

ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ಗೆ ಹೋಗಿ, ನಿಮ್ಮ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆಯಿರಿ. ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಕೆಳಗೆ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಇರುತ್ತದೆ. ಅಲ್ಲಿರುವ 100 ಅನ್ನು 99 ಮಾಡಿ. ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಟರ್ಬೊ ನಿಂತುಹೋಗುತ್ತದೆ. ನಿಂತಿತೋ ಇಲ್ಲವೋ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ನೋಡಬಹುದು: ವೇಗ ಮೂಲ ವೇಗದ ಆಸುಪಾಸಿನಲ್ಲೇ ಇರಬೇಕು. ಬ್ಯಾಟರಿಗೂ ಚಾರ್ಜರ್‌ಗೂ ಬೇರೆ ಬೇರೆ ಸಂಖ್ಯೆ ಕೊಡಬಹುದು. ಬೇಡವೆನಿಸಿದರೆ ಮತ್ತೆ 100 ಹಾಕಿದರಾಯಿತು.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ಅಂಥವರು ಸೆಟ್ಟಿಂಗ್ಸ್‌ನ ‘ಪವರ್ ಮೋಡ್’ನಲ್ಲಿ ‘ಬೆಸ್ಟ್ ಪವರ್ ಎಫಿಶಿಯನ್ಸಿ’ ಆಯ್ದುಕೊಳ್ಳಬಹುದು. ಉಬುಂಟು ಬಳಸುವವರಿಗೆ ‘ಪವರ್ ಸೇವರ್’ ಇದೆ.

ಟೈಪಿಂಗ್, ಇಮೇಲ್, ಸಿನಿಮಾ ನೋಡುವಂಥ ಕೆಲಸಗಳಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದು. ವಿಡಿಯೊ ಎಡಿಟಿಂಗ್, ಗೇಮ್‌ಗಳಲ್ಲಿ ತಿಳಿಯುತ್ತದೆ. ಆಗ ಚಾರ್ಜರ್ ಹಾಕಿ 100ಕ್ಕೇ ಮರಳುವುದು ಒಳ್ಳೆಯದು. 99ರಿಂದ ಲಾಭ ಸಿಕ್ಕಿತೆಂದು 50ಕ್ಕೆ ಇಳಿಸಬೇಡಿ. ಪರದೆ, ವೈ-ಫೈ ತಮ್ಮ ಪಾಲಿನ ವಿದ್ಯುತ್ ತಿನ್ನುತ್ತಲೇ ಇರುತ್ತವೆ, ಕೆಲಸ ಮಾತ್ರ ಎಳೆಯುತ್ತದೆ. ಬೇಗ ಕೆಲಸ ಮುಗಿಸಿ ಸುಮ್ಮನಾಗುವ ಪ್ರೊಸೆಸರ್ ಎಷ್ಟೋ ಸಲ ಕುಂಟುತ್ತಾ ಸಾಗುವುದಕ್ಕಿಂತ ಮಿತವ್ಯಯಿ. ಪಕ್ಕದಲ್ಲೇ ಇರುವ ‘ಮಿನಿಮಮ್’ ಅನ್ನು ಮುಟ್ಟಬೇಕಿಲ್ಲ. ಅದನ್ನು 100ಕ್ಕೆ ಏರಿಸಿದರೆ ಕೆಲಸವಿಲ್ಲದಾಗಲೂ ವೇಗ ಮೇಲೆಯೇ ಉಳಿದೀತು.

ವೋಲ್ಟೇಜನ್ನೇ ನೇರವಾಗಿ ತಗ್ಗಿಸುವ ಅಂಡರ್‌ವೋಲ್ಟಿಂಗ್ ಕೂಡ ಉಂಟು. 2019ರಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಮುಚ್ಚಿದೆ.

99 ಹಾಕಿದ ಮೇಲೂ ಸುಮ್ಮನಿದ್ದಾಗಲೇ ಯಂತ್ರ ಸುಡುತ್ತಿದ್ದರೆ ಹಿನ್ನೆಲೆಯಲ್ಲಿ ಯಾವ ಆ್ಯಪ್ ಓಡುತ್ತಿದೆ ನೋಡಿ. ಅದೂ ಅಲ್ಲದಿದ್ದರೆ ಗಾಳಿಕಿಂಡಿಯಲ್ಲಿ ದೂಳು ಕಟ್ಟಿರಬಹುದು, ಬಿಚ್ಚಿಸಿ ಸ್ವಚ್ಛ ಮಾಡಿಸಿ.