ಚೆಲುವಪಿಳ್ಳೆಯ ಕತೆ ಮತ್ತು ಮಕ್ಕಳ ಬೆರಗು

ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ಉತ್ಸವಮೂರ್ತಿಗೆ ಚೆಲುವಪಿಳ್ಳೆ ಎಂಬ ಹೆಸರೂ ಇದೆ. ಪಿಳ್ಳೆ ಎಂದರೆ ಮಗು. ಆ ಹೆಸರಿನ ಹಿಂದಿರುವ ಕತೆ ಊರಿನ ಮಕ್ಕಳಿಗೆ ಬೆರಗೆಂದರೇನು ಎಂಬುದನ್ನು ತಲೆಮಾರುಗಳಿಂದ ತಿಳಿಸಿಕೊಡುತ್ತ ಬಂದಿದೆ.

ಕತೆ ಹೀಗಿದೆ. ಚೋಳನಾಡನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದ ರಾಮಾನುಜಾಚಾರ್ಯರಿಗೆ ಯಾದವಗಿರಿಯಲ್ಲಿ, ಅಂದರೆ ಮೇಲುಕೋಟೆಯಲ್ಲಿ, ಹುತ್ತದೊಳಗೆ ತಿರುನಾರಾಯಣನ ಮೂಲವಿಗ್ರಹ ಸಿಕ್ಕಿತು. ಉತ್ಸವಮೂರ್ತಿ ಮಾತ್ರ ದೆಹಲಿಯ ಸುಲ್ತಾನನ ವಶದಲ್ಲಿತ್ತು. ಆಚಾರ್ಯರು ಅಲ್ಲಿಗೇ ಹೋಗಿ, ಕೊಳ್ಳೆಯ ವಿಗ್ರಹಗಳ ರಾಶಿಯಲ್ಲಿ ಹುಡುಕಿದರು, ಸಿಗಲಿಲ್ಲ. ಅದು ಸುಲ್ತಾನನ ಮಗಳ ಕೋಣೆಯಲ್ಲಿ ಅವಳ ಆಟದ ಬೊಂಬೆಯಾಗಿತ್ತು. ಆಚಾರ್ಯರು ಮಗುವನ್ನು ಕರೆಯುವಂತೆ ಕರೆದರು. ಬೊಂಬೆ ಗೆಜ್ಜೆ ಘಲ್ಲೆನಿಸುತ್ತ ನಡೆದು ಬಂದು ಅವರ ತೊಡೆಯೇರಿ ಕೂತಿತು. ಅಗಲಿಕೆ ತಾಳಲಾರದೆ ರಾಜಕುಮಾರಿಯೂ ಹಿಂದೆಯೇ ಬಂದು ಸ್ವಾಮಿಯಲ್ಲಿ ಲೀನಳಾದಳು. ಬೀಬಿ ನಾಚಿಯಾರ್ ಎಂಬ ಹೆಸರಿನಲ್ಲಿ ಇಂದಿಗೂ ಅವಳಿಗೆ ಪೂಜೆ ಸಲ್ಲುತ್ತದೆ.

ರಾಮಾನುಜರು ಮೇಲುಕೋಟೆಯಲ್ಲಿದ್ದದ್ದು 12ನೇ ಶತಮಾನದ ಆರಂಭದ ಸುಮಾರಿಗೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ. ದೆಹಲಿಯ ಸೇನಾನಿ ಮಲಿಕ್ ಕಾಫೂರನ ಸೇನೆ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಬಂದದ್ದು 1311ರಲ್ಲಿ. ಹಾಗಾಗಿ ಕತೆ ಈಗಿನ ರೂಪ ಪಡೆದದ್ದು ಆ ದಾಳಿಯ ನೆನಪು ಜನರಲ್ಲಿ ಬೇರೂರಿದ ಮೇಲೆ ಎಂದು ಊಹಿಸುವುದೇ ಸರಿ. ಕೊಳ್ಳೆ ಹೊಡೆದವನ ಮನೆಯಲ್ಲೂ ಪ್ರೀತಿಯ ಒಂದು ಜೀವವನ್ನು ಕಂಡ ಈ ಕಲ್ಪನೆ ದೊಡ್ಡದು.

ಇನ್ನು ಮಕ್ಕಳ ಬೆರಗಿನ ಮಾತು. ಬೇರೆಯವರ ಸಂತೋಷ, ದುಃಖಗಳು ಮಗುವಿಗೆ ಬೇಗ ತಿಳಿಯುತ್ತವೆ. ಇನ್ನೊಬ್ಬರ ಅಚ್ಚರಿ ತಿಳಿಯುವುದು ತಡ. ಎದುರಿನವರು ಏನು ನಿರೀಕ್ಷಿಸಿದ್ದರು, ನಡೆದದ್ದು ಏನು ಎಂಬ ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಅದು ಅರ್ಥವಾಗುತ್ತದೆ. ವಿಮ್ಮರ್ ಮತ್ತು ಪರ್ನರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಮುಟ್ಟುತ್ತದೆ. ಹುಡುಗನೊಬ್ಬ ಬೀರುವಿನಲ್ಲಿಟ್ಟ ಚಾಕೊಲೇಟನ್ನು, ಅವನಿಲ್ಲದಾಗ ಅಮ್ಮ ಬೇರೆ ಬೀರುವಿಗೆ ಸಾಗಿಸುತ್ತಾಳೆ. ಅವನು ಬಂದು ಎಲ್ಲಿ ಹುಡುಕುತ್ತಾನೆ? ತೀರ ಚಿಕ್ಕ ಮಕ್ಕಳು ಚಾಕೊಲೇಟ್ ಈಗಿರುವ ಜಾಗವನ್ನೇ ತೋರಿಸುತ್ತಾರೆ. ಹುಡುಗನಿಗೆ ಅದು ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾಲ್ಕು ವರ್ಷದ ಸುಮಾರಿನಿಂದ ಉತ್ತರ ಬದಲಾಗತೊಡಗುತ್ತದೆ.

ಚೆಲುವಪಿಳ್ಳೆಯ ಕತೆಯಲ್ಲಿರುವುದೂ ಇದೇ ಕಟ್ಟು. ಆಚಾರ್ಯರು ರಾಶಿಯಲ್ಲಿ ಹುಡುಕುತ್ತಿದ್ದಾರೆ. ವಿಗ್ರಹ ಎಲ್ಲಿದೆಯೆಂಬುದು ಕತೆ ಕೇಳುವ ಮಗುವಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಗೆಜ್ಜೆಯ ಸದ್ದು ಬಂದಾಗ ಮಾತ್ರ ಕೇಳುವ ಮಗುವೂ ಬೆಚ್ಚುತ್ತದೆ. ಬೊಂಬೆ ನಡೆಯುವುದನ್ನು ಅದೂ ಎಣಿಸಿರುವುದಿಲ್ಲ. ಇನ್ನೊಬ್ಬರ ಅಚ್ಚರಿ ಮೊದಲು, ತನ್ನದು ಆಮೇಲೆ.

ಕೇಳುವ ಬೆರಗು ಇದಾದರೆ, ಕಣ್ಣಿಗೆ ಕಾಣುವ ಬೆರಗು ಮೇಲುಕೋಟೆಯ ವೈರಮುಡಿ ಉತ್ಸವದ್ದು. ವೈರಮುಡಿ ಎಂಬ ವಜ್ರದ ಕಿರೀಟ ಮಂಡ್ಯದ ಖಜಾನೆಯಲ್ಲಿರುತ್ತದೆ. ಫಾಲ್ಗುಣದಲ್ಲಿ ಒಂದು ದಿನ ಪೊಲೀಸ್ ಕಾವಲಿನಲ್ಲಿ, ದಾರಿಯ ಊರುಗಳ ಪೂಜೆ ಸ್ವೀಕರಿಸುತ್ತ ಬೆಟ್ಟ ಏರುತ್ತದೆ. ಹಗಲ ಬೆಳಕು ಅದಕ್ಕೆ ಸೋಕಬಾರದು. ಸ್ವಾಮಿಯ ಮುಡಿಗೇರುವ ಮೊದಲು ಯಾರೂ ನೋಡಬಾರದು ಎಂಬುದು ಸಂಪ್ರದಾಯ. ಹಗಲೆಲ್ಲ ಜನ ಕಾಣುವುದು ಪೆಟ್ಟಿಗೆಯನ್ನು ಮಾತ್ರ. ರಾತ್ರಿ ಗರುಡವಾಹನ ಹೊರಬಂದಾಗ ಮುಚ್ಚಿಟ್ಟದ್ದು ಹೊಳೆಯುತ್ತದೆ. ಭರತನ ನಾಟ್ಯಶಾಸ್ತ್ರ ಅದ್ಭುತರಸಕ್ಕೆ ಹೇಳಿದ ಅರಳಿದ ಕಣ್ಣು, ರೆಪ್ಪೆ ಬಡಿಯದ ನೋಟ, ರೋಮಾಂಚಗಳನ್ನು ಆ ಹೊತ್ತಿನಲ್ಲಿ ಅಪ್ಪಂದಿರ ಹೆಗಲ ಮೇಲೆ ಕುಳಿತ ಮಕ್ಕಳ ಮುಖದಲ್ಲಿ ಕಾಣಬಹುದು.

ಆ ನೋಟ ಬಹಳ ಹೊತ್ತು ಉಳಿಯುವುದಿಲ್ಲ. ವೈರಮುಡಿ ಅದೇ ರಾತ್ರಿ ಪೆಟ್ಟಿಗೆ ಸೇರುತ್ತದೆ. ಆಮೇಲೆ ಸ್ವಾಮಿ ಧರಿಸುವುದು ಮೈಸೂರಿನ ರಾಜ ಒಡೆಯರು (ಆಳ್ವಿಕೆ 1578–1617) ಅರ್ಪಿಸಿದ ರಾಜಮುಡಿ ಎಂಬ ಕಿರೀಟವನ್ನು.